ತಪ್ಪಿಹೋದ ಪಾಠ, ಕಸುಬಿನ ಜೊತೆಯಲ್ಲೇ

ಸಮುದಾಯ ಕಾಲೇಜಿಗೆ ಬರುವವರನ್ನು ನಾವೆಲ್ಲ ಬಲ್ಲೆವು. ಎಸ್.ಎಸ್.ಎಲ್.ಸಿ. ಫೇಲಾದವರು, ಮನೆಯ ಕಷ್ಟಕ್ಕೆ ಓದು ಬಿಟ್ಟು ಕೂಲಿಗೆ ಹೋದವರು, ಮಕ್ಕಳನ್ನು ಶಾಲೆಗೆ ಕಳಿಸಿ ತಾವೂ ಕಲಿಯೋಣವೆಂದು ಬಂದ ತಾಯಂದಿರು. ಹೊಲಿಗೆ, ವೈರಿಂಗ್, ರೋಗಿಗಳ ಆರೈಕೆ, ಯಾವುದೇ ಇರಲಿ, ಕೈಕೆಲಸ ಬೇಗ ಹಿಡಿಯುತ್ತಾರೆ. ಪುಸ್ತಕ ತೆರೆದರೆ ಮಾತ್ರ ಹಿಂದಿನ ಬೆಂಚು ಹುಡುಕುತ್ತಾರೆ. "ನಂಗೆ ಲೆಕ್ಕ ತಲೆಗೆ ಹತ್ತಲ್ಲ ಮಿಸ್" ಅಂತಾರೆ. ಕೆಲವು ದಿನ ಕಳೆದರೆ ಬರುವುದೇ ಇಲ್ಲ.

ನಮ್ಮ ದೇಶದಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ, 1996ರಲ್ಲಿ ಮದ್ರಾಸ್-ಮೈಲಾಪುರ ಮಹಾಧರ್ಮಪ್ರಾಂತ್ಯ ಸಮುದಾಯ ಕಾಲೇಜು ತೆರೆದದ್ದು ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ. ಬಾಗಿಲು ತೆರೆದಿದ್ದೇವೆ ನಿಜ. ಒಳಗೆ ಬಂದವರು ಉಳಿಯಬೇಕಲ್ಲ?

"ಮೊದಲು ಓದು, ಲೆಕ್ಕ ಸರಿಮಾಡೋಣ, ಕಸುಬು ಆಮೇಲೆ" ಎಂದು ನಮಗೆ ಅನ್ನಿಸುವುದು ಸಹಜ. ಅಮೆರಿಕದ ಸಮುದಾಯ ಕಾಲೇಜುಗಳು ಬಹುಕಾಲ ಹಾಗೆಯೇ ಮಾಡಿದವು. ಹಿಂದುಳಿದವರನ್ನು ಬೇರೆ ತರಗತಿಗೆ ಕಳಿಸಿದವು. ಅದಕ್ಕೂ ಫೀಸು ಕಟ್ಟಬೇಕು, ಆದರೆ ಅದು ಪದವಿಗೆ ಸೇರದು. ಬಹಳ ಮಂದಿ ಮುಖ್ಯ ಪಾಠ ತಲುಪುವ ಮುಂಚೆಯೇ ಬಿಟ್ಟುಹೋದರು. 2015ರಲ್ಲಿ ಟೆನೆಸಿ ರಾಜ್ಯವು ಎಲ್ಲರನ್ನೂ ನೇರವಾಗಿ ಮುಖ್ಯ ಪಾಠಕ್ಕೆ ಸೇರಿಸಿ, ಬೇಕಾದವರಿಗೆ ಜೊತೆಯಲ್ಲೇ ಹೆಚ್ಚಿನ ಸಹಾಯ ಕೊಡತೊಡಗಿತು. ಗಣಿತದಲ್ಲಿ ಪಾಸಾಗುವವರು ಹೆಚ್ಚಾದರು. ಕ್ಯಾಲಿಫೋರ್ನಿಯ 2017ರಲ್ಲಿ ಇದಕ್ಕಾಗಿ ಕಾನೂನನ್ನೇ ಮಾಡಿತು.

ನಮ್ಮ ತರಗತಿಯಲ್ಲಿ ಇದನ್ನು ಹೇಗೆ ಮಾಡೋಣ? ಆರೈಕೆ ಕಲಿಯುವವರ ಮುಂದೆ ಪ್ಯಾರಾಸಿಟಮಾಲ್ ಸಿರಪ್ಪಿನ ಎರಡು ಬಾಟಲಿ ಇಡೋಣ. ಒಂದರಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ., ಇನ್ನೊಂದರಲ್ಲಿ 5 ಮಿ.ಲೀ.ಗೆ 250 ಮಿ.ಗ್ರಾಂ. ಡಾಕ್ಟರು ಮಗುವಿಗೆ 125 ಮಿ.ಗ್ರಾಂ. ಬರೆದಿದ್ದಾರೆ. ಮೊದಲನೆಯದರಲ್ಲಿ 5 ಮಿ.ಲೀ., ಎರಡನೆಯದರಲ್ಲಿ ಎರಡೂವರೆ. ಚೀಟಿ ಓದದೆ ಕೊಟ್ಟರೆ ಮಗುವಿಗೆ ಎರಡರಷ್ಟು ಔಷಧಿ ಹೋಗುತ್ತದೆ. ಓದು, ಭಾಗಾಕಾರ, ದಶಮಾಂಶ, ಮೂರೂ ಒಂದೇ ಪಾಠದಲ್ಲಿ ಬಂತು. ಯಾಕೆ ಕಲಿಯಬೇಕೆಂದು ಯಾರೂ ಕೇಳುವುದಿಲ್ಲ.

ಇನ್ನು ಕೆಲವು ವಿಷಯಗಳು:

1. ಎಲ್ಲರ ಎದುರು ಜೋರಾಗಿ ಓದಿಸಿ ಪರೀಕ್ಷಿಸಬೇಡಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಒಂದು ಬಿಲ್ಲು, ಒಂದು ಅರ್ಜಿ ಓದಿಸಿ. ಎಲ್ಲಿ ಎಡವುತ್ತಾರೆಂದು ಗೊತ್ತಾಗುತ್ತದೆ.

2. ಹೊಲಿಗೆಯವರಿಗೆ ಅರ್ಧ, ಕಾಲು, ಅರೆಕಾಲನ್ನು ಇಂಚಿನ ಟೇಪಿನಲ್ಲೇ ತೋರಿಸಿ. ಬೋರ್ಡಿನ ಭಿನ್ನರಾಶಿ ಆಮೇಲೆ ಬರಲಿ.

3. ದಿನವೂ ಕೊನೆಯ ಹದಿನೈದು ನಿಮಿಷ, ಆ ದಿನ ಮಾಡಿದ ಕೆಲಸದ ಬಗ್ಗೆ ಮೂರು ವಾಕ್ಯ ಬರೆಸಿ. ಎಲ್ಲ ತಪ್ಪನ್ನೂ ಒಮ್ಮೆಲೇ ತಿದ್ದಬೇಡಿ. ಒಂದು ವಾರಕ್ಕೆ ಒಂದು ಬಗೆಯ ತಪ್ಪು ಸಾಕು.

4. ಇಬ್ಬಿಬ್ಬರನ್ನು ಜೋಡಿ ಮಾಡಿ. ನಿನ್ನೆ ಕಲಿತವರು ಇವತ್ತು ಹೇಳಿಕೊಡಲಿ.

5. ಎರಡು ದಿನ ಬಾರದಿದ್ದವರ ಮನೆಗೆ ಆ ವಾರವೇ ಹೋಗಿ ಬನ್ನಿ.

ಈ ಮಕ್ಕಳು ದಡ್ಡರಲ್ಲ. ಯಾವುದೋ ಒಂದು ವರ್ಷ, ಯಾವುದೋ ಕಷ್ಟದಲ್ಲಿ ಅವರಿಗೆ ಒಂದು ಪಾಠ ತಪ್ಪಿಹೋಯಿತು. ಮುಂದಿನದೆಲ್ಲ ಅದರ ಮೇಲೆ ಕಟ್ಟಿದ್ದರಿಂದ ಕುಸಿಯಿತು. ತಪ್ಪಿಹೋದ ಆ ಪಾಠ ಯಾವುದೆಂದು ಹುಡುಕಿ, ನಾಚಿಕೆಪಡಿಸದೆ ಹೇಳಿಕೊಡುವುದು ನಮ್ಮ ಕೆಲಸ. ನಾಳೆ ಕಾಯಿಲೆ ಮಗುವಿನ ಪಕ್ಕದಲ್ಲಿ ಕೂತು ಔಷಧಿ ಅಳೆಯುವ ಕೈ ಅವರದೇ.