ಹೊಗೆ ಬೇಕು, ಬಿಸಿ ಬೇಡ: ಹಾರನಹಳ್ಳಿಯಲ್ಲಿ ಕಲಿತ ಚೀಸ್ ಪಾಠ

ದಸರಾ ರಜೆಯಲ್ಲಿ ಗೆಳೆಯನ ಊರು ಹಾರನಹಳ್ಳಿಗೆ ಹೋದಾಗ ನಾವು ಮೊದಲ ಸಲ ಹೊಗೆಸೊಪ್ಪಿನ ಬ್ಯಾರನ್ ನೋಡಿದ್ವಿ. ಪಿರಿಯಾಪಟ್ಟಣ, ಹುಣಸೂರು ಕಡೆಯವರಿಗೆ ಇದು ಹೊಸದಲ್ಲ. ನಮಗೆ ಮಾತ್ರ ಆಶ್ಚರ್ಯ: ಹೆಸರು ಹೊಗೆಸೊಪ್ಪು, ಆದರೆ ಸೊಪ್ಪಿಗೆ ಹೊಗೆ ತಾಗೋದೇ ಇಲ್ಲ! ಒಲೆಯ ಬಾಯಿ ಹೊರಗಡೆ. ಬಿಸಿ ಹೊಗೆ ತಗಡಿನ ಕೊಳವೆಯೊಳಗೇ ಬ್ಯಾರನ್ ಸುತ್ತಿ ಚಿಮಣಿಯಿಂದ ಆಚೆ ಹೋಗುತ್ತೆ. ಸೊಪ್ಪಿಗೆ ಸಿಗೋದು ಕೊಳವೆಯ ಶಾಖ ಮಾತ್ರ. ಸುಮಾರು 35 ಡಿಗ್ರಿಯಲ್ಲಿ ಎಲೆ ಹಳದಿಯಾಗೋಕೆ ಶುರು, ಕೊನೆಗೆ 70 ಡಿಗ್ರಿ ಹತ್ತಿರ ನಡುದಂಟು ಒಣಗುತ್ತೆ. ಅಂದರೆ ಇಡೀ ಬ್ಯಾರನ್ನೇ ಒಂದು ಹೀಟ್ ಎಕ್ಸ್‌ಚೇಂಜರ್.

ಹೊಸ ವರ್ಷದ ಮೊದಲ ವಾರ ಮತ್ತೆ ಅಲ್ಲಿಗೇ ಹೋದ್ವಿ. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಜೊತೆ ನಾವೇ ಹೊಗೆ ಹಿಡಿಸಿದ ಚೀಸ್ ಕೊಡೋದು ಪ್ಲಾನ್. ಕೆಂಡದ ಮೇಲೆ ಜರಡಿ, ಜರಡಿ ಮೇಲೆ ಚೀಸ್ ಇಟ್ವಿ. ಹತ್ತು ನಿಮಿಷದಲ್ಲಿ ಕರಗಿ ಕೆಂಡಕ್ಕೇ ಬಿತ್ತು. ಗೆಳೆಯನ ಅಜ್ಜಿ ನಕ್ಕರು: "ಹೊಗೆ ಕೊಡ್ರಪ್ಪಾ ಅಂದ್ರೆ ಬೆಂಕಿ ಕೊಟ್ರಲ್ಲ!"

ಪಾಠ ಆ ಮಾತಲ್ಲೇ ಇತ್ತು. ಹಾಲಿನ ಕೊಬ್ಬು 30 ಡಿಗ್ರಿ ದಾಟಿದರೆ ಮೆತ್ತಗಾಗುತ್ತೆ. ಬ್ಯಾರನ್‌ಗೆ ಹೊಗೆಯಿಲ್ಲದ ಬಿಸಿ ಬೇಕು, ಚೀಸ್‌ಗೆ ಬಿಸಿಯಿಲ್ಲದ ಹೊಗೆ ಬೇಕು. ಬ್ಯಾರನ್‌ನಲ್ಲೇ ಇಡಬಾರದಾ ಅಂತ ಕೇಳಬೇಡಿ. ಅಲ್ಲಿ ಹೊಗೆಯೂ ಇಲ್ಲ, ಮೇಲಾಗಿ ತಂಬಾಕು ಒಣಗಿಸಿದ ಜಾಗ ತಿನ್ನೋ ಪದಾರ್ಥಕ್ಕಲ್ಲ.

ಎರಡನೇ ಸಲ ಹೀಗೆ ಮಾಡಿದ್ವಿ:

1. ಎರಡು ಟಿನ್ ಡಬ್ಬ, ನಡುವೆ ಆರು ಅಡಿ ಸ್ಟೀಲ್ ಪೈಪು. ಪೈಪಿನ ಗೋಡೆಯಿಂದ ಶಾಖ ಗಾಳಿಗೆ ಹೋಗುತ್ತೆ, ಹೊಗೆ ತಣ್ಣಗಾಗಿ ಮುಂದೆ ಸಾಗುತ್ತೆ. ಪಿವಿಸಿ ಪೈಪು ಬೇಡವೇ ಬೇಡ.

2. ಮೊದಲ ಡಬ್ಬದಲ್ಲಿ ಒಣಗಿದ ಸೀಬೆ ಮರದ ಹೊಟ್ಟು, ಮೇಲೊಂದು ಕೆಂಡ. ಉರಿಯಬಾರದು, ಹೊಗೆಯಾಡಬೇಕು. ಪ್ಲೈವುಡ್, ಬಣ್ಣ ಹಚ್ಚಿದ ಮರ ಹಾಕಬೇಡಿ.

3. ಎರಡನೇ ಡಬ್ಬದಲ್ಲಿ ಜರಡಿ, ಚೀಸ್, ಒಂದು ಥರ್ಮಾಮೀಟರ್. ಹೊಗೆ ಆಚೆ ಹೋಗೋಕೆ ಮುಚ್ಚಳದಲ್ಲಿ ತೂತು. 25 ಡಿಗ್ರಿ ದಾಟಿದರೆ ನಿಲ್ಲಿಸಿ. ಜನವರಿಯ ಬೆಳಗಿನ ಚಳಿ ಇದಕ್ಕೆ ಸರಿ.

4. ಎರಡು ಗಂಟೆ ಸಾಕು. ಕೆಲಸ ಅಂಗಳದಲ್ಲೇ ಆಗಲಿ. ಮುಚ್ಚಿದ ರೂಮಲ್ಲಿ ಕಾರ್ಬನ್ ಮೊನಾಕ್ಸೈಡ್ ಅಪಾಯ.

ತಕ್ಷಣ ತಿಂದರೆ ಬರೀ ಬೂದಿಯ ಖಾರ. ಬೆಣ್ಣೆ ಕಾಗದದಲ್ಲಿ ಸುತ್ತಿ ಒಂದು ವಾರ ಫ್ರಿಜ್‌ನಲ್ಲಿ ಇಟ್ಟರೆ ರುಚಿ ಹದವಾಗುತ್ತೆ. ಪನೀರ್ ಬಿಸಿಗೆ ಕರಗಲ್ಲ ನಿಜ, ಆದರೆ ನೀರಿನಂಶ ಜಾಸ್ತಿ, ಬೇಗ ಕೆಡುತ್ತೆ. ಅದನ್ನು ಹೊಗೆ ಹಿಡಿಸಿದರೆ ಮನೆಯಲ್ಲೇ ಅವತ್ತೇ ತಿನ್ನಿ.

ಸಂಕ್ರಾಂತಿ ಮುಗಿಸಿ ಹಾಸ್ಟೆಲ್‌ಗೆ ವಾಪಸ್ ಬಂದ್ವಿ. ಪರೀಕ್ಷೆ ದಿನಗಳಲ್ಲಿ ತಡವಾಗಿ ಬಂದರೂ ನಮಗೆ ಊಟ ಎತ್ತಿಡೋ ಮೆಸ್ ಅಣ್ಣನಿಗೆ ಅಂತ ಚೆಂದದ ಪೊಟ್ಟಣ ಕಟ್ಟಿದ್ವಿ. ಅದನ್ನೇ ಐಸ್ ಡಬ್ಬಕ್ಕೆ ಹಾಕೋದು ಮರೆತು, ಅರ್ಧ ದಿನ ಬಸ್ಸಿನ ಬಿಸಿಲಲ್ಲಿ ಉಳೀತು. ಬಿಚ್ಚಿ ನೋಡಿದರೆ ಘಮ ಹಾಗೇ ಇತ್ತು. ಕೊಟ್ಟುಬಿಡೋಣ ಅನ್ನಿಸಿದ್ದು ಸುಳ್ಳಲ್ಲ.

ಕೊಡಲಿಲ್ಲ. ಇಷ್ಟು ಕಡಿಮೆ ಹೊಗೆ ಚೀಸನ್ನು ಕಾಪಾಡಲ್ಲ, ಮೇಲ್ಮೈಗೆ ಪರಿಮಳ ಕೊಡುತ್ತೆ ಅಷ್ಟೇ. ಕೆಟ್ಟಿದ್ದರೆ ಆ ವಾಸನೆಯನ್ನೂ ಮುಚ್ಚಿಬಿಡುತ್ತೆ. ನಮಗಂತ ಇಟ್ಟುಕೊಂಡಿದ್ದ, ಐಸ್‌ನಲ್ಲಿ ಬಂದ ತುಂಡನ್ನೇ ಅಣ್ಣನಿಗೆ ಕೊಟ್ವಿ. ಮೇಲೆ ಮಾಡಿದ ತಾರೀಕು, "ಫ್ರಿಜ್‌ನಲ್ಲಿಡಿ, ಮೂರು ದಿನದೊಳಗೆ ತಿನ್ನಿ" ಅಂತ ಕನ್ನಡದಲ್ಲೇ ಬರೆದಿದ್ವಿ. ನೀವು ಕೊಡೋ ಪೊಟ್ಟಣಕ್ಕೆ ರಿಬ್ಬನ್ ಇಲ್ಲದಿದ್ದರೂ ಪರವಾಗಿಲ್ಲ, ಆ ಚೀಟಿ ಇರಲಿ.