ಖಾನಾಪುರದಲ್ಲಿ ಕುರಿ ಏಕೆ ಕಡಿಮೆ?

ಮಕ್ಕಳೇ, ಗೋಕಾಕ, ರಾಯಬಾಗ, ಅಥಣಿ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಹೊರಗೆ ನೋಡಿದ್ದೀರಾ? ರಸ್ತೆ ತುಂಬಾ ಕಪ್ಪು ಕುರಿಗಳ ಹಿಂಡು. ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಕುರಿಗಾಹಿ. ಚಾಲಕರು ಎಷ್ಟು ಹಾರ್ನ್ ಹೊಡೆದರೂ ಕುರಿಗಳು ಅವಸರ ಮಾಡುವುದಿಲ್ಲ! ಈಗ ಅದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿಗೆ ಮಳೆಗಾಲದಲ್ಲಿ ಬನ್ನಿ. ಲೋಂಡಾ, ಜಾಂಬೋಟಿ, ಕಣಕುಂಬಿ ಕಡೆ ಎಮ್ಮೆಗಳು ಕಾಣುತ್ತವೆ, ಆಕಳುಗಳು ಕಾಣುತ್ತವೆ. ಕುರಿಹಿಂಡು ಮಾತ್ರ ಅಪರೂಪ. ಹಸಿರು ಹುಲ್ಲು ಇರುವುದು ಖಾನಾಪುರದಲ್ಲೇ ಹೆಚ್ಚು. ಹಾಗಿದ್ದರೆ ಕುರಿಗಳೂ ಇಲ್ಲೇ ಹೆಚ್ಚು ಇರಬೇಕಿತ್ತಲ್ಲವೇ?

ಉತ್ತರ ಮಳೆಯಲ್ಲಿದೆ. ಜಿಲ್ಲೆಯ ಪೂರ್ವ ಭಾಗದಲ್ಲಿ ವರ್ಷಕ್ಕೆ ಸುಮಾರು 500ರಿಂದ 600 ಮಿಲಿಮೀಟರ್ ಮಳೆ ಬೀಳುತ್ತದೆ. ಮಲಪ್ರಭಾ ನದಿ ಹುಟ್ಟುವ ಕಣಕುಂಬಿಯಲ್ಲಿ ಬೀಳುವ ಮಳೆ 3000 ಮಿಲಿಮೀಟರಿಗೂ ಹೆಚ್ಚು. ನಮ್ಮ ಉತ್ತರ ಕರ್ನಾಟಕದ ಕಪ್ಪು ಕುರಿ ದಖ್ಖನಿ ತಳಿಯದು. ಒಣ ನೆಲ, ಕುರುಚಲು ಗಿಡ, ದಿನಕ್ಕೆ ಹತ್ತಾರು ಕಿಲೋಮೀಟರ್ ನಡಿಗೆ, ಇವುಗಳಿಗೆ ಅದು ನೂರಾರು ವರ್ಷಗಳಿಂದ ಹೊಂದಿಕೊಂಡಿದೆ.

ಖಾನಾಪುರದ ಒಬ್ಬ ರೈತರು ಸಾಲ ಮಾಡಿ ಏಪ್ರಿಲ್ ತಿಂಗಳಲ್ಲಿ ಇಪ್ಪತ್ತು ದಖ್ಖನಿ ಕುರಿ ತಂದರು ಎಂದುಕೊಳ್ಳೋಣ. ಜೂನ್ ಬಂತು, ಮಳೆ ಹಿಡಿಯಿತು. ಏನಾಗಬಹುದು?

ಮೊದಲ ಪೆಟ್ಟು ಗೊರಸಿಗೆ. ಕುರಿಯ ಗೊರಸು ಎರಡು ಸೀಳು. ಸೀಳಿನ ನಡುವಿನ ಚರ್ಮ ಕೆಸರಿನಲ್ಲಿ ದಿನಗಟ್ಟಲೆ ನೆನೆದು ಮೆತ್ತಗಾಗುತ್ತದೆ. ಬಹಳ ಹೊತ್ತು ಬಟ್ಟೆ ಒಗೆದ ಮೇಲೆ ಅಮ್ಮನ ಬೆರಳುಗಳು ಹೇಗಾಗುತ್ತವೆ ನೆನಪಿಸಿಕೊಳ್ಳಿ. ಆ ಮೆತ್ತನೆಯ ಚರ್ಮದೊಳಗೆ ಬ್ಯಾಕ್ಟೀರಿಯಾಗಳು ನುಗ್ಗಿ ಗೊರಸನ್ನು ಕೊಳೆಸುತ್ತವೆ. ಕುರಿ ಕುಂಟುತ್ತದೆ. ಕುಂಟುವ ಕುರಿ ಹಿಂಡಿನ ಜೊತೆ ನಡೆದು ಮೇಯಲಾರದು, ಸೊರಗುತ್ತದೆ. ಇದಕ್ಕೆ ಮೈಲುತುತ್ತ ಕರಗಿಸಿದ ನೀರಿನ ತೊಟ್ಟಿಯಲ್ಲಿ ಕುರಿಗಳನ್ನು ನಡೆಸುವ ಪದ್ಧತಿ ಇದೆ. ಆದರೆ ಮೈಲುತುತ್ತದಲ್ಲಿ ತಾಮ್ರ ಇರುತ್ತದೆ. ಕುರಿಗೆ ತಾಮ್ರ ಸ್ವಲ್ಪ ಹೆಚ್ಚಾದರೂ ವಿಷ. ತೊಟ್ಟಿಯ ನೀರನ್ನು ಅದು ಕುಡಿಯದಂತೆ ನೋಡಿಕೊಳ್ಳಬೇಕು.

ಎರಡನೆಯ ಶತ್ರು ಕಣ್ಣಿಗೇ ಬೀಳುವುದಿಲ್ಲ. ಅದರ ಕಥೆ ಸ್ವಲ್ಪ ಉದ್ದ. ಗದ್ದೆ ಬದುವಿನ ನಿಂತ ನೀರಿನಲ್ಲಿ ಸಣ್ಣ ಬಸವನಹುಳುಗಳನ್ನು ನೀವು ನೋಡಿದ್ದೀರಿ. ಯಕೃತ್ತಿನ ಹುಳು ಎಂಬ ಎಲೆಯಾಕಾರದ ಚಪ್ಪಟೆ ಹುಳುವಿಗೆ ಕೆಲವು ಜಾತಿಯ ಬಸವನಹುಳುಗಳೇ ಬಾಡಿಗೆ ಮನೆ. ದೊಡ್ಡ ಹುಳು ಕುರಿಯ ಯಕೃತ್ತಿನಲ್ಲಿದ್ದು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಹಿಕ್ಕೆಯ ಜೊತೆ ಹೊರಬಂದು ನೀರು ಸೇರುತ್ತವೆ. ಅಲ್ಲಿ ಮರಿ ಹೊರಬಂದು, ಈಜಿಕೊಂಡು ಹೋಗಿ ಬಸವನಹುಳುವಿನೊಳಗೆ ಸೇರುತ್ತದೆ. ಒಳಗೆ ಒಂದು ನೂರಾರಾಗುತ್ತದೆ! ಕೆಲವು ವಾರಗಳ ನಂತರ ಅವೆಲ್ಲ ಹೊರಬಂದು, ನೀರಿನಂಚಿನ ಹುಲ್ಲಿಗೆ ಅಂಟಿ, ಮೇಲೊಂದು ಗಟ್ಟಿ ಪೊರೆ ಕಟ್ಟಿಕೊಂಡು ಕಾಯುತ್ತವೆ. ಕುರಿ ಆ ಹುಲ್ಲು ತಿಂದರೆ ಸಾಕು, ಚಕ್ರ ಪೂರ್ತಿಯಾಯಿತು.

ಮೋಸ ಇರುವುದು ಇಲ್ಲೇ. ಹುಲ್ಲು ತಿಂದ ದಿನ ಕುರಿಗೆ ಏನೂ ಆಗುವುದಿಲ್ಲ. ಮರಿಹುಳುಗಳು ಯಕೃತ್ತನ್ನು ಕೊರೆಯುತ್ತಾ ಬೆಳೆಯಲು ವಾರಗಳೇ ಬೇಕು. ಮಳೆಗಾಲದಲ್ಲಿ ಹತ್ತಿದ ರೋಗ ದೀಪಾವಳಿ ಕಳೆದ ಮೇಲೆ ಕಾಣಿಸಿಕೊಳ್ಳಬಹುದು. ರಕ್ತ ಕಡಿಮೆಯಾಗುತ್ತದೆ, ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಇಳಿಬೀಳುತ್ತದೆ. ಮಳೆ ನಿಂತ ಮೇಲೆ ಕುರಿ ಸತ್ತರೆ ಮಳೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ರೈತರ ಸಾಲ ಮಾತ್ರ ಉಳಿಯುತ್ತದೆ.

ಒಂದು ಮಾತು ನನಗೆ ಯಾವಾಗಲೂ ಸೋಜಿಗ ಅನಿಸುತ್ತದೆ. ಮಲೆನಾಡಿನ ಮಳೆಯಲ್ಲಿ ಮನುಷ್ಯರನ್ನು ಬೆಚ್ಚಗಿಟ್ಟದ್ದು ಕುರಿಯ ಉಣ್ಣೆಯ ಕಂಬಳಿ ಕೊಪ್ಪೆ. ಆ ಉಣ್ಣೆ ಕೊಟ್ಟ ಕುರಿಗೆ ಅದೇ ಮಳೆ ಆಗಿಬರುವುದಿಲ್ಲ! ಕುರಿಗಾಹಿಗಳಿಗೆ ಇದು ಪುಸ್ತಕ ಓದದೆಯೇ ಗೊತ್ತಿತ್ತು. ಮಳೆಗಾಲವನ್ನು ಅವರು ಒಣ ಸೀಮೆಯಲ್ಲಿ ಕಳೆದು, ಸುಗ್ಗಿ ಮುಗಿದು ಗದ್ದೆ ಒಣಗಿದ ಮೇಲೆ ಪಶ್ಚಿಮದ ಕಡೆ ಹಿಂಡು ಹೊಡೆದುಕೊಂಡು ಬರುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗಾಹಿಗೆ ಕಾಳೋ ಹಣವೋ.

ಹಾಗಾದರೆ ಖಾನಾಪುರದ ಕಾಡಂಚಿಗೆ ಯಾವ ಪ್ರಾಣಿ? ಇಲ್ಲಿನ ಧನಗರ ಗೌಳಿಗಳು ತಲೆಮಾರುಗಳಿಂದ ಎಮ್ಮೆ ಸಾಕಿದ್ದಾರೆ. ಎಮ್ಮೆಗೆ ಕೆಸರೆಂದರೆ ಪ್ರೀತಿ. ಅದರ ಮೈಯಲ್ಲಿ ಬೆವರಿನ ಗ್ರಂಥಿಗಳು ಕಡಿಮೆ, ಆದ್ದರಿಂದ ಕೆಸರಿನಲ್ಲಿ ಹೊರಳಿ ಮೈ ತಂಪು ಮಾಡಿಕೊಳ್ಳುತ್ತದೆ. ಯಕೃತ್ತಿನ ಹುಳು ಎಮ್ಮೆಗೂ ತಗಲುತ್ತದೆ, ಆದರೆ ಬೆಳೆದ ಎಮ್ಮೆ ಕುರಿಯಷ್ಟು ಬೇಗ ಕುಸಿಯುವುದಿಲ್ಲ. ಎಮ್ಮೆಯ ಹಾಲಿನಲ್ಲಿ ಕೊಬ್ಬು ನೂರಕ್ಕೆ ಸುಮಾರು 7 ಭಾಗ, ಹೋಲ್‌ಸ್ಟೀನ್ ಆಕಳ ಹಾಲಿನಲ್ಲಿ ಸುಮಾರು 3.5 ಭಾಗ. ಹಾಲಿನ ಡೇರಿಯಲ್ಲಿ ಕ್ಯಾನಿನಿಂದ ಸ್ವಲ್ಪ ಹಾಲು ತೆಗೆದು ಯಂತ್ರಕ್ಕೆ ಹಾಕುವುದು ಇದನ್ನು ಅಳೆಯಲೆಂದೇ. ಖವೆಯಿಂದ ಮಾಡುವ ಬೆಳಗಾವಿಯ ಕುಂದಾ ತಿಂದವರಿಗೆ ಗಟ್ಟಿ ಹಾಲಿನ ಬೆಲೆ ಹೇಳಬೇಕಾಗಿಲ್ಲ.

ಹೋಲ್‌ಸ್ಟೀನ್, ಜರ್ಸಿ ಮಿಶ್ರತಳಿಯ ಆಕಳುಗಳು ಹೆಚ್ಚು ಹಾಲು ಕೊಡುತ್ತವೆ. ಇವಕ್ಕಾಗಿ ಹೋರಿಯನ್ನೇ ತರಬೇಕಾಗಿಲ್ಲ. ಹೋರಿಯ ವೀರ್ಯವನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇಡಬಹುದು. ಪಶುವೈದ್ಯರು ತರುವ ಪಾತ್ರೆಯ ಮುಚ್ಚಳ ತೆಗೆದಾಗ ಹೊಗೆಯಂತೆ ಕಾಣುವುದು ನಿಜವಾಗಿ ಹೊಗೆಯಲ್ಲ, ಗಾಳಿಯ ತೇವ ತಣ್ಣಗಾಗಿ ಆದ ಮಂಜು. ಆದರೆ ಚಳಿದೇಶದ ತಳಿಯ ಈ ಆಕಳಿಗೆ ಮೇವು, ಹಿಂಡಿ, ನೆರಳು ಎಲ್ಲವೂ ಹೆಚ್ಚು ಬೇಕು. ಉಣ್ಣಿ ಕಚ್ಚಿ ಬರುವ ಜ್ವರವೂ ಇದನ್ನು ಬೇಗ ಹಿಡಿಯುತ್ತದೆ.

ಇನ್ನು ಕುರಿಗೆ ಬರೋಣ. ಎಲ್ಲ ಕುರಿಗಳೂ ಒಣ ನೆಲದವೇ? ಅಲ್ಲ! ಬಂಗಾಳದ ಸುಂದರಬನದಲ್ಲಿ ಗರೋಲ್ ಎಂಬ ಪುಟ್ಟ ಕುರಿ ಇದೆ. ಅದು ಮೊಣಕಾಲುದ್ದ ನೀರಿನಲ್ಲಿ ನಿಂತು ಮೇಯುತ್ತದೆ. ಜೊತೆಗೆ ಒಂದೇ ಸೂಲಿಗೆ ಎರಡು ಮೂರು ಮರಿ ಹಾಕುತ್ತದೆ. 1792–93ರಲ್ಲಿ ಕಲ್ಕತ್ತದಿಂದ ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಕುರಿಗಳು ಹೋದವು. ಮುಂದೆ ಅಲ್ಲಿನ ಬೂರೂಲಾ ಎಂಬ ಮೆರಿನೋ ಹಿಂಡಿನಲ್ಲಿ ಅವಳಿ, ತ್ರಿವಳಿ ಮರಿಗಳು ಹೆಚ್ಚಾಗಿ ಹುಟ್ಟುವುದನ್ನು ಕಂಡು ವಿಜ್ಞಾನಿಗಳು ಕಾರಣ ಹುಡುಕಿದರು. 2001ರಲ್ಲಿ ಗುಟ್ಟು ರಟ್ಟಾಯಿತು: ಒಂದು ಜೀನಿನಲ್ಲಿ ಸಣ್ಣದೊಂದು ಬದಲಾವಣೆ. ಅದಕ್ಕೆ ಫೆಕ್-ಬಿ ಎಂದು ಹೆಸರು. ಗರೋಲ್ ಕುರಿಯಲ್ಲೂ ಅದೇ ಇತ್ತು! ನಮ್ಮ ಗಡಿಯಾಚೆ, ಮಹಾರಾಷ್ಟ್ರದ ಫಲಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಗರೋಲ್‌ನ ಈ ಗುಣವನ್ನು ದಖ್ಖನಿ ಕುರಿಗೆ ತಂದು ‘ನಾರಿ ಸುವರ್ಣ’ ಎಂಬ ತಳಿ ಮಾಡಿದರು. ಕರ್ನಾಟಕದಲ್ಲೂ ಇದನ್ನು ಸಾಕುವವರಿದ್ದಾರೆ.

ಎರಡು ಮರಿ ಎಂದರೆ ಎರಡು ಪಟ್ಟು ಲಾಭ ಎಂದು ಲೆಕ್ಕ ಹಾಕಿದಿರಾ? ಸ್ವಲ್ಪ ತಾಳಿ. ಕುರಿಯ ಗರ್ಭ ಸುಮಾರು 150 ದಿನ. ಕೊನೆಯ ತಿಂಗಳಲ್ಲಿ ಎರಡು ಮರಿ ಹೊತ್ತ ತಾಯಿಗೆ ಒಳ್ಳೆಯ ಮೇವು, ಕಾಳು ಬೇಕು, ಇಲ್ಲದಿದ್ದರೆ ತಾಯಿಯೇ ನೆಲ ಹಿಡಿಯುತ್ತದೆ. ಅವಳಿ ಮರಿಗಳು ಹುಟ್ಟುವಾಗ ಹಗುರ, ಚಳಿ ತಡೆಯುವುದಿಲ್ಲ. ಹಾಲು ಇಬ್ಬರಿಗೂ ಸಾಲಬೇಕು. ದಿನವಿಡೀ ನಡೆಯುವ ಹಿಂಡಿನಲ್ಲಿ ಇದು ಕಷ್ಟ, ಮನೆಯಲ್ಲೇ ಕಟ್ಟಿ ಮೇಯಿಸುವವರಿಗೆ ಸುಲಭ. ಇದು ಒಣ ಸೀಮೆಗಾಗಿ ಮಾಡಿದ ಕುರಿ ಎಂಬುದನ್ನೂ ಮರೆಯಬಾರದು.

ಖಾನಾಪುರದಲ್ಲಿ ಕುರಿ ಸಾಕಲೇಬೇಕೆಂದರೆ ಈಗ ದಾರಿ ಇಲ್ಲವೆಂದಲ್ಲ. ನೆಲದಿಂದ ಎತ್ತರದಲ್ಲಿ ಪಟ್ಟಿಗಳ ಅಟ್ಟ ಕಟ್ಟಿ ಅದರ ಮೇಲೆ ಕುರಿ ಸಾಕುತ್ತಾರೆ. ಹಿಕ್ಕೆ, ಮೂತ್ರ ಸಂದಿಯಿಂದ ಕೆಳಗೆ ಬೀಳುತ್ತವೆ, ಗೊರಸು ಒಣಗಿರುತ್ತದೆ. ಮೇವನ್ನು ಕೊಯ್ದು ತಂದು ಹಾಕುತ್ತಾರೆ. ನೀರಿನಂಚಿನ ಹುಲ್ಲನ್ನು ಹಸಿಯಾಗಿ ಹಾಕಿದರೆ ಹುಳು ಅಟ್ಟಕ್ಕೂ ಹತ್ತಿ ಬರುತ್ತದೆ! ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಪೊರೆಯೊಳಗಿನ ಮರಿಹುಳುಗಳು ಸಾಯುತ್ತವೆ. ಜಂತುನಾಶಕ ಔಷಧವನ್ನು ಪಶುವೈದ್ಯರು ಹೇಳಿದ ಕಾಲಕ್ಕೆ, ಕುರಿಯ ತೂಕಕ್ಕೆ ತಕ್ಕಷ್ಟೇ ಕೊಡಬೇಕು. ಕಡಿಮೆ ಕೊಟ್ಟರೆ ಹುಳುಗಳು ಔಷಧಕ್ಕೆ ಬಗ್ಗುವುದಿಲ್ಲ. ಇಷ್ಟೆಲ್ಲಾ ಖರ್ಚು ಸೇರಿಸಿದ ಮೇಲೂ ಕುರಿ ಲಾಭವೇ, ಅಥವಾ ಅದೇ ಹಣಕ್ಕೆ ಒಂದು ಎಮ್ಮೆ ಮೇಲೇ? ಕುರಿ ತರುವ ಮೊದಲೇ ಕೂಡಿ ಕಳೆದು ನೋಡಬೇಕಾದ ಲೆಕ್ಕ ಇದು.

ಮಾಡಿ ನೋಡಿ

ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಕುರಿ, ಆಡು ಇದ್ದರೆ ದೊಡ್ಡವರಿಗೆ ಹಿಡಿದುಕೊಳ್ಳಲು ಹೇಳಿ, ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು ಒಳಭಾಗದ ಬಣ್ಣ ನೋಡಿ. ಕೆಂಪಗಿದ್ದರೆ ರಕ್ತ ಚೆನ್ನಾಗಿದೆ. ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ಹುಳು ಇರಬಹುದು, ಪಶುವೈದ್ಯರಿಗೆ ತೋರಿಸಲು ಹೇಳಿ. ದವಡೆಯ ಕೆಳಗೂ ಮುಟ್ಟಿ ನೋಡಿ. ಕೈಗಳನ್ನು ಸೋಪು ಹಚ್ಚಿ ತೊಳೆದುಕೊಳ್ಳಿ. ಜೂನ್‌ನಿಂದ ಡಿಸೆಂಬರ್‌ವರೆಗೆ ತಿಂಗಳಿಗೊಮ್ಮೆ ಹೀಗೆ ನೋಡಿ, ದಿನಾಂಕ ಮತ್ತು ಬಣ್ಣವನ್ನು ನೋಟ್‌ಪುಸ್ತಕದಲ್ಲಿ ಬರೆದಿಡಿ. ಯಾವ ತಿಂಗಳಲ್ಲಿ ಬಣ್ಣ ಬದಲಾಯಿತು ಎಂಬುದನ್ನು ತರಗತಿಯಲ್ಲಿ ಹೇಳಿ.