ಚುಕ್ಕೆಚಿತ್ರದ ಪಾತ್ರಗಳೂ ನೋಡುವವರ ಅಭಿಪ್ರಾಯವೂ

‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಮಕ್ಕಳ ವಿಷಯದಲ್ಲಿ ಈ ಮಾತು ಎಷ್ಟು ನಿಜವೋ, ನಾವು ಬರೆದ ಚಿತ್ರ, ಕಟ್ಟಿದ ಪದ್ಯ, ಮಾಡಿದ ಅಡಿಗೆ ಇವುಗಳ ವಿಷಯದಲ್ಲಿಯೂ ಅಷ್ಟೇ ನಿಜ. ತಾನು ಬರೆದ ಚಿತ್ರವನ್ನು ಚಿತ್ರಕಾರನು ಕಣ್ಣಿನಿಂದ ಮಾತ್ರವೇ ನೋಡುವುದಿಲ್ಲ, ನೆನಪಿನಿಂದಲೂ ನೋಡುತ್ತಾನೆ. ಅವನ ಮನಸ್ಸಿನಲ್ಲಿ ವೀರನೊಬ್ಬನು ನಿಂತಿದ್ದರೆ, ಕಾಗದದ ಮೇಲಿನ ನಾಲ್ಕು ಗೆರೆಗಳೂ ಅವನಿಗೆ ವೀರನಾಗಿಯೇ ತೋರುತ್ತವೆ. ಎದುರಿಗೆ ನಿಂತವನಿಗಾದರೋ ಆ ನೆನಪಿನ ನೆರವಿಲ್ಲ. ಕಾಗದದ ಮೇಲೆ ಇದ್ದುದನ್ನಷ್ಟೇ ಅವನು ಕಾಣಬಲ್ಲನು.

ಈ ಭೇದವು ಬಹಳ ಸ್ಪಷ್ಟವಾಗಿ ಎದ್ದು ಕಾಣುವ ಕಲೆಯೊಂದಿದೆ. ಅದು ವೀಡಿಯೋ ಆಟಗಳಿಗಾಗಿ ಬರೆಯುವ ಪಿಕ್ಸೆಲ್ ಚಿತ್ರಕಲೆ. ಅಂತಹ ಆಟದ ಪಾತ್ರಗಳನ್ನು ರೂಪಿಸುವವರು ಇತರರ ಅಭಿಪ್ರಾಯವನ್ನು ಹೇಗೆ ಪಡೆದರು, ನಾವು ಅದನ್ನು ಹೇಗೆ ಪಡೆಯಬೇಕು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

೧. ಪಿಕ್ಸೆಲ್ ಎಂದರೇನು?

ಗಣಕಯಂತ್ರದ ಅಥವಾ ಮೊಬೈಲ್ ಫೋನಿನ ತೆರೆಯ ಮೇಲಿನ ಚಿತ್ರವೆಲ್ಲವೂ ಅತಿ ಸಣ್ಣ ಬಿಂದುಗಳ ಸಾಲುಗಳಿಂದಾದುದು. ಒಂದೊಂದು ಬಿಂದುವಿಗೂ ಪಿಕ್ಸೆಲ್ ಎಂದು ಹೆಸರು. ಚಿತ್ರ ಎಂಬರ್ಥದ ‘ಪಿಕ್ಚರ್’, ಅಂಶ ಎಂಬರ್ಥದ ‘ಎಲಿಮೆಂಟ್’ ಎಂಬ ಎರಡು ಇಂಗ್ಲಿಷ್ ಶಬ್ದಗಳನ್ನು ಮೊಟಕುಗೊಳಿಸಿ ಕೂಡಿಸಿದುದರಿಂದ ಈ ಹೆಸರು ಬಂದಿದೆ. ಇಂದಿನ ಸಾಧಾರಣವಾದ ತೆರೆಯಲ್ಲಿಯೂ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಪಿಕ್ಸೆಲ್‌ಗಳಿರುವುದುಂಟು. ಆದರೆ ೧೯೮೦ರ ಸುಮಾರಿನ ಆಟಗಳಲ್ಲಿ ಒಂದು ಪಾತ್ರಕ್ಕೆ ದೊರೆಯುತ್ತಿದ್ದ ಜಾಗವು ಉದ್ದಕ್ಕೆ ೧೬, ಅಗಲಕ್ಕೆ ೧೬, ಒಟ್ಟು ೨೫೬ ಚೌಕಗಳು ಮಾತ್ರ. ನಿಮ್ಮ ಗಣಿತದ ಚೌಕುಳಿ ಪುಸ್ತಕದಲ್ಲಿ ಅಷ್ಟು ಮನೆಗಳನ್ನು ಎಣಿಸಿ ಗೆರೆ ಹಾಕಿ ನೋಡಿದರೆ ಆ ಜಾಗದ ಇಕ್ಕಟ್ಟು ನಿಮಗೆ ತಿಳಿಯುವುದು.

ಈ ಬಗೆಯ ಕಟ್ಟುಪಾಡು ನಮಗೆ ಹೊಸದೇನೂ ಅಲ್ಲ. ಧಾರವಾಡದ ಕಡೆಯ ಕಸೂತಿಯನ್ನು ನಿಮ್ಮ ಅಜ್ಜಿಯವರ ಇಳಕಲ್ ಸೀರೆಯ ಸೆರಗಿನಲ್ಲಿ ನೋಡಿರಬಹುದು. ಅಲ್ಲಿ ಬಟ್ಟೆಯ ಮೇಲೆ ಮೊದಲು ಗೆರೆಯೆಳೆದುಕೊಳ್ಳುವ ರೂಢಿಯಿಲ್ಲ. ಎಳೆಗಳನ್ನು ಎಣಿಸೆಣಿಸಿ ಸೂಜಿಯಾಡಿಸುತ್ತಾರೆ. ತೇರು, ಆನೆ, ನವಿಲು, ತುಳಸಿಕಟ್ಟೆಗಳೆಲ್ಲ ಆ ಎಣಿಕೆಯೊಳಗೇ ಮೂಡಬೇಕು. ಆನೆಗೆ ಸೊಂಡಿಲು ಕಾಣಬೇಕಾದರೆ ಮತ್ತಾವುದನ್ನು ಬಿಡಬೇಕೆಂಬುದನ್ನು ಕಸೂತಿಯವಳು ಬಲ್ಲಳು. ಪಿಕ್ಸೆಲ್ ಚಿತ್ರಕಾರನ ಕೆಲಸವೂ ಇಂತಹದೇ.

ಇಂದು ತೆರೆಗಳು ದೊಡ್ಡವಾಗಿದ್ದರೂ ಈ ಕಲೆ ಅಳಿದಿಲ್ಲ. ಒಬ್ಬಿಬ್ಬರೇ ಕೂಡಿ ಇಡೀ ಆಟಕ್ಕೆ ಬೇಕಾದ ಚಿತ್ರಗಳನ್ನು ಬರೆಯಲು ಇದು ಅನುಕೂಲವಾಗಿರುವುದೂ ಇದಕ್ಕೆ ಒಂದು ಕಾರಣ. ೨೦೧೬ರಲ್ಲಿ ಪ್ರಕಟವಾದ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟವನ್ನು ಅಮೆರಿಕದ ಎರಿಕ್ ಬರೋನ್ ಎಂಬವರು ಒಬ್ಬರೇ ಸುಮಾರು ನಾಲ್ಕೂವರೆ ವರ್ಷ ದುಡಿದು ರಚಿಸಿದರು. ಅದರಲ್ಲಿನ ಹಳ್ಳಿಗರ ಮುಖಚಿತ್ರಗಳನ್ನು ಅವರು ಮತ್ತೆ ಮತ್ತೆ ಅಳಿಸಿ ಬರೆದರು.

೨. ಇಕ್ಕಟ್ಟಿನಲ್ಲಿ ಹುಟ್ಟಿದ ಮೀಸೆ

ಚಿತ್ರವು ಚಿಕ್ಕದಾದಷ್ಟೂ ಅದನ್ನು ತಪ್ಪಾಗಿ ತಿಳಿಯುವ ಸಂಭವ ಹೆಚ್ಚು. ಜಪಾನಿನ ನಿಂಟೆಂಡೊ ಸಂಸ್ಥೆಯ ಶಿಗೆರು ಮಿಯಾಮೊಟೊ ಎಂಬವರು ೧೯೮೧ರಲ್ಲಿ ‘ಡಾಂಕಿ ಕಾಂಗ್’ ಎಂಬ ಆಟಕ್ಕಾಗಿ ಒಬ್ಬ ನಾಯಕನನ್ನು ಬರೆದರು. ಮುಂದೆ ಮಾರಿಯೋ ಎಂದು ಲೋಕಪ್ರಸಿದ್ಧನಾದವನು ಇವನೇ. ಅಷ್ಟು ಸಣ್ಣ ಮುಖದಲ್ಲಿ ಬಾಯಿಯನ್ನು ಬರೆದರೆ ಅದು ಬಾಯಿಯೆಂದು ತಿಳಿಯುವಂತಿರಲಿಲ್ಲ. ಆದುದರಿಂದ ದೊಡ್ಡ ಮೂಗು ಬರೆದು ಅದರ ಕೆಳಗೆ ಮೀಸೆಯನ್ನಿಟ್ಟರು. ಅವನು ನೆಗೆಯುವಾಗ ಕೂದಲು ಹಾರುವುದನ್ನು ತೋರಿಸುವುದು ಕಷ್ಟವಾದ್ದರಿಂದ ತಲೆಗೆ ಟೋಪಿ ತೊಡಿಸಿದರು. ಓಡುವಾಗ ಕೈ ಬೀಸುವುದು ಮೈಯ ಬಣ್ಣದಲ್ಲಿ ಬೆರೆತು ಹೋಗಬಾರದೆಂದು ಅಂಗಿಗೆ ಒಂದು ಬಣ್ಣ, ಅದರ ಮೇಲಿನ ಕೆಲಸಗಾರರ ಉಡುಪಿಗೆ ಮತ್ತೊಂದು ಬಣ್ಣ ಕೊಟ್ಟರು.

ಇವುಗಳಲ್ಲಿ ಒಂದಾದರೂ ಬರಿಯ ಅಲಂಕಾರಕ್ಕಾಗಿ ಮಾಡಿದುದಲ್ಲ. ‘ನೋಡುವವನಿಗೆ ಇದು ತಿಳಿಯುವುದೆ?’ ಎಂಬ ಒಂದೇ ಪ್ರಶ್ನೆಗೆ ಕೊಟ್ಟ ಮೂರು ಉತ್ತರಗಳಿವು. ಮಿಯಾಮೊಟೊ ಅವರು ಆ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡರು. ಅದನ್ನು ಇತರರಿಗೇ ನೇರವಾಗಿ ಹಾಕಿದ ಎರಡು ಸಂಗತಿಗಳನ್ನು ಈಗ ನೋಡೋಣ.

೩. ನಲವತ್ತು ಮಂದಿಯ ಉತ್ತರ

೧೯೮೦ರಲ್ಲಿ ಜಪಾನಿನ ನಾಮ್ಕೊ ಸಂಸ್ಥೆಯು ‘ಪ್ಯಾಕ್-ಮ್ಯಾನ್’ ಎಂಬ ಆಟವನ್ನು ಹೊರತಂದಿತು. ಹಳದಿ ಬಣ್ಣದ ಗುಂಡನೆಯ ಪಾತ್ರವೊಂದು ಚಕ್ರವ್ಯೂಹದಂತಹ ದಾರಿಗಳಲ್ಲಿ ಚುಕ್ಕೆಗಳನ್ನು ನುಂಗುತ್ತ ಓಡುತ್ತದೆ. ನಾಲ್ಕು ಭೂತಗಳು ಅದನ್ನು ಅಟ್ಟಿಸಿಕೊಂಡು ಬರುತ್ತವೆ. ಆಟವನ್ನು ರೂಪಿಸಿದ ತೋರು ಇವಾತಾನಿ ಅವರಿಗೆ ಆಗ ಇಪ್ಪತ್ತೈದರ ಪ್ರಾಯ. ಅವರು ನಾಲ್ಕು ಭೂತಗಳಿಗೂ ಕೆಂಪು, ನಸುಗೆಂಪು, ತಿಳಿನೀಲಿ, ಕಿತ್ತಳೆ ಎಂದು ಬೇರೆ ಬೇರೆ ಬಣ್ಣ ಕೊಟ್ಟಿದ್ದರು. ಸಂಸ್ಥೆಯ ಅಧ್ಯಕ್ಷರಾದ ಮಸಾಯಾ ನಕಾಮುರಾ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಬಣ್ಣ ಬೇರೆಯಾದರೆ ಕೆಲವು ಭೂತಗಳು ನಾಯಕನ ಗೆಳೆಯರೆಂದು ಆಡುವವರು ಭ್ರಮಿಸಿಯಾರೆಂಬುದು ಅವರ ಶಂಕೆ. ಎಲ್ಲ ಭೂತಗಳೂ ಕೆಂಪಾಗಿಯೇ ಇರಲೆಂದು ಅವರು ಆಜ್ಞೆ ಮಾಡಿದರು.

ಯುವಕನಾದ ನೌಕರನು ಇಂತಹ ಸಮಯದಲ್ಲಿ ಏನು ಮಾಡಬೇಕು? ಅಧ್ಯಕ್ಷರೊಡನೆ ವಾದ ಹೂಡಬಹುದು. ಇಲ್ಲವೆ ಮರುಮಾತಾಡದೆ ತಲೆಬಾಗಬಹುದು. ಇವಾತಾನಿ ಅವರು ಮೂರನೆಯ ದಾರಿಯನ್ನು ಹಿಡಿದರು. ಒಂದೇ ಬಣ್ಣ ಬೇಕೆ, ನಾಲ್ಕು ಬಣ್ಣ ಬೇಕೆ ಎಂಬ ಪ್ರಶ್ನಾವಳಿಯನ್ನು ಸಂಸ್ಥೆಯ ಸಿಬ್ಬಂದಿಗೆ ಹಂಚಿದರು. ನಾಲ್ಕು ಬಣ್ಣಗಳ ಪರವಾಗಿ ನಲವತ್ತು ಉತ್ತರಗಳು ಬಂದುವು. ಒಂದೇ ಬಣ್ಣದ ಪರವಾಗಿ ಒಂದೂ ಬರಲಿಲ್ಲ. ಅಧ್ಯಕ್ಷರು ಒಪ್ಪಿದರು. ೨೦೧೧ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ಆಟ ನಿರ್ಮಾಪಕರ ಸಮ್ಮೇಳನದಲ್ಲಿ ಇವಾತಾನಿ ಅವರೇ ಈ ಸಂಗತಿಯನ್ನು ಹೇಳಿದರು.

ಈ ಬಣ್ಣಗಳಿಂದ ಆದ ಪ್ರಯೋಜನವೂ ದೊಡ್ಡದು. ಕೆಂಪು ಭೂತವು ನೇರವಾಗಿ ಬೆನ್ನಟ್ಟುತ್ತದೆ. ನಸುಗೆಂಪಿನದು ನಾಯಕನು ಹೋಗುವ ದಿಕ್ಕಿನಲ್ಲಿ ಮುಂದಕ್ಕೆ ಹೋಗಿ ಅಡ್ಡಗಟ್ಟಲು ನೋಡುತ್ತದೆ. ಬಣ್ಣಭೇದವಿದ್ದುದರಿಂದಲೇ ಆಡುವವರು ಈ ಗುಣಭೇದವನ್ನು ಗುರುತಿಸುವುದು ಸಾಧ್ಯವಾಯಿತು. ಅಧ್ಯಕ್ಷರ ಶಂಕೆ ಅರ್ಥವಿಲ್ಲದ್ದೆಂದು ಮಾತ್ರ ತಿಳಿಯಬೇಡಿರಿ. ‘ಆಡುವವರು ತಪ್ಪು ತಿಳಿದಾರು’ ಎಂಬ ಅವರ ಮಾತು ಕೇಳತಕ್ಕ ಪ್ರಶ್ನೆಯೇ. ಅದಕ್ಕೆ ಉತ್ತರವು ಅಧಿಕಾರದಿಂದ ಬರಬಾರದು, ನೋಡುವವರಿಂದ ಬರಬೇಕು, ಭೇದವಿದ್ದುದು ಇಷ್ಟೇ.

೪. ಉದ್ಯಾನದಲ್ಲಿ ಕೇಳಿದ ಪ್ರಶ್ನೆ

ಮತ್ತೊಂದು ಜಪಾನೀ ಸಂಸ್ಥೆಯಾದ ಸೆಗಾ, ಮಾರಿಯೋವಿಗೆ ಎದುರಾಗಿ ನಿಲ್ಲಬಲ್ಲ ಹೊಸ ನಾಯಕನೊಬ್ಬನನ್ನು ಹುಡುಕುತ್ತಿದ್ದಿತು. ಚಿತ್ರಕಾರರಾದ ನಾವೊತೊ ಓಷಿಮಾ ಅವರು ಹಲವು ಬಗೆಯ ಪಾತ್ರಗಳನ್ನು ಬರೆದರು. ಅವುಗಳಲ್ಲಿ ಮೈಯೆಲ್ಲ ಮುಳ್ಳಿರುವ ಹೆಡ್ಜ್‌ಹಾಗ್ ಎಂಬ ಪ್ರಾಣಿಯ ರೂಪವೊಂದು, ದೊಡ್ಡ ಮೀಸೆಯ ದಡೂತಿ ಮನುಷ್ಯನೊಬ್ಬ, ನಾಯಿಯಂತಹ ಪ್ರಾಣಿಯೊಂದು ಇದ್ದುವು. ನ್ಯೂಯಾರ್ಕಿಗೆ ಹೋಗಿದ್ದಾಗ ಅವರು ಈ ಚಿತ್ರಗಳನ್ನು ಅಲ್ಲಿನ ಸೆಂಟ್ರಲ್ ಪಾರ್ಕ್ ಎಂಬ ಉದ್ಯಾನಕ್ಕೆ ಒಯ್ದು, ದಾರಿಹೋಕರಿಗೆ ತೋರಿಸಿ, ಯಾವುದು ಇಷ್ಟವೆಂದು ಕೇಳಿದರು. ಹೆಡ್ಜ್‌ಹಾಗ್ ಮೊದಲನೆಯದಾಯಿತು, ಮೀಸೆಯ ಮನುಷ್ಯ ಎರಡನೆಯವನಾದನು, ನಾಯಿ ಮೂರನೆಯದಾಯಿತು. ಅವು ಇನ್ನೂ ಕಾಗದದ ಮೇಲಿನ ಚಿತ್ರಗಳು; ಪಿಕ್ಸೆಲ್ ರೂಪ ಬಂದುದು ಆಮೇಲೆ. ೧೯೯೧ರಲ್ಲಿ ಹೊರಬಂದ ‘ಸೋನಿಕ್’ ಎಂಬ ನೀಲಿ ನಾಯಕನ ಹುಟ್ಟು ಇದು.

ಇಲ್ಲಿ ಎರಡು ಅಂಶಗಳು ಗಮನಿಸತಕ್ಕವು. ಮೊದಲನೆಯದು, ಓಷಿಮಾ ಅವರು ಎಣಿಕೆಗೆ ತೃಪ್ತರಾಗಲಿಲ್ಲ; ಜನರು ಇದನ್ನೇ ಏಕೆ ಮೆಚ್ಚಿದರೆಂದು ಆಲೋಚಿಸಿದರು. ಮುಳ್ಳಿನ ಪ್ರಾಣಿಗೆ ಜನಾಂಗದ ಭೇದವಿಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲ. ಯಾರು ಬೇಕಾದರೂ ಅದನ್ನು ತಮ್ಮದೆಂದುಕೊಳ್ಳಬಹುದೆಂಬುದು ಅವರಿಗೆ ಹೊಳೆಯಿತು. ಎರಡನೆಯದು, ಸೋತ ಚಿತ್ರವನ್ನು ಅವರು ಬಿಸುಡಲಿಲ್ಲ. ಎರಡನೆಯ ಸ್ಥಾನ ಪಡೆದ ಮೀಸೆಯವನೇ ಆ ಆಟದ ಪ್ರತಿನಾಯಕನಾದನು.

೫. ನಾವು ಕೇಳುವ ಕ್ರಮ

ಯಾರನ್ನು ಕೇಳಬೇಕು? ತಾಯಿ, ಅಣ್ಣ, ಆಪ್ತಮಿತ್ರರು ಇವರು ಚಿತ್ರವನ್ನಲ್ಲ, ನಿಮ್ಮನ್ನು ನೋಡಿ ಉತ್ತರ ಹೇಳುತ್ತಾರೆ. ಅಪರಿಚಿತರನ್ನು ಕೇಳಿರಿ. ಚಿಕ್ಕವರನ್ನೂ ಮುದುಕರನ್ನೂ, ಆಟವಾಡುವವರನ್ನೂ ಆಡದವರನ್ನೂ ಕೇಳಿರಿ. ಬಣ್ಣಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಕೆಂಪು ಹಸಿರುಗಳ ಭೇದವನ್ನು ಕಾಣಲಾರದವರು ನಮ್ಮಲ್ಲಿದ್ದಾರೆ, ಹೆಂಗಸರಿಗಿಂತ ಗಂಡಸರಲ್ಲಿ ಅವರ ಸಂಖ್ಯೆ ಹೆಚ್ಚು. ಮಿತ್ರನು ಕೆಂಪು, ಶತ್ರುವು ಹಸಿರು ಎಂದಷ್ಟೇ ಭೇದವಿಟ್ಟರೆ ಅವರಿಗೆ ಆಟವೇ ನಡೆಯದು, ಆಕಾರದಲ್ಲಿಯೂ ಭೇದವಿರಬೇಕು.

ಈ ವಿಷಯದಲ್ಲಿ ಮುಂಬಯಿಯ ಕನ್ನಡ ಮಕ್ಕಳಾದ ನಿಮಗೆ ಒಂದು ಅನುಕೂಲವಿದೆ. ಶಾಲೆಯ ಬಾಗಿಲು ದಾಟಿದೊಡನೆ ನಮ್ಮ ಭಾಷೆ ಕೆಲವರಿಗಷ್ಟೇ ತಿಳಿಯುತ್ತದೆಂದು ನಿಮ್ಮಲ್ಲಿ ಹಲವರು ಸಂಕೋಚಪಡುವುದನ್ನು ನಾನು ಬಲ್ಲೆ. ಆದರೆ ಮಾತಿಲ್ಲದೆ ತಿಳಿಯಬೇಕಾದ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷಾಸ್ಥಾನ ಬೇರೆಲ್ಲಿದೆ? ಒಂದೇ ಚಾಳಿನ ಒಂದೇ ಮಹಡಿಯಲ್ಲಿ ಮರಾಠಿ, ಗುಜರಾತಿ, ಹಿಂದಿ, ತಮಿಳು ಮಾತಾಡುವ ಮನೆಗಳಿರುತ್ತವೆ. ಓಷಿಮಾ ಅವರಿಗೆ ಕಡಲಾಚೆಯ ಉದ್ಯಾನದಲ್ಲಿ ದೊರೆತ ನಾನಾ ತರದ ಜನರು ನಿಮಗೆ ಮೆಟ್ಟಿಲ ಬಳಿಯಲ್ಲೇ ದೊರೆಯುತ್ತಾರೆ. ಎಲ್ಲರ ಭಾಷೆಯಲ್ಲಿಯೂ ನಾಲ್ಕು ಮಾತು ಬಲ್ಲ ನೀವು ಅವರನ್ನು ಕೇಳಲೂ ಬಲ್ಲಿರಿ.

ಹೇಗೆ ತೋರಿಸಬೇಕು? ಆಟದಲ್ಲಿ ಪಾತ್ರವು ಎಷ್ಟು ದೊಡ್ಡದಾಗಿ ಕಾಣುವುದೋ ಅಷ್ಟೇ ದೊಡ್ಡದಾಗಿ, ಅದರ ಹಿನ್ನೆಲೆಯ ಬಣ್ಣದ ಮೇಲೆಯೇ ತೋರಿಸಿರಿ. ಐದಾರು ಕ್ಷಣ ತೋರಿಸಿ ಮುಚ್ಚಿರಿ. ಏಕೆಂದರೆ ಆಟದಲ್ಲಿ ನಿಂತು ನೋಡಲು ಯಾರಿಗೂ ಬಿಡುವಿರುವುದಿಲ್ಲ. ಎರಡು ಮೂರು ಮಾದರಿಗಳಿದ್ದರೆ ಪ್ರತಿಯೊಬ್ಬರಿಗೂ ಅನುಕ್ರಮವನ್ನು ಬದಲಿಸಿರಿ. ಮುಖ್ಯವಾಗಿ, ಮೊದಲೇ ಏನನ್ನೂ ವಿವರಿಸಬೇಡಿರಿ. ಆಟದೊಳಗೆ ವಿವರಿಸಲು ನೀವು ಇರುವುದಿಲ್ಲವಷ್ಟೆ!

ಏನನ್ನು ಕೇಳಬೇಕು? ‘ಚೆನ್ನಾಗಿದೆಯೆ?’ ಎಂದು ಕೇಳಿದರೆ ಸೌಜನ್ಯವುಳ್ಳ ಜನರೆಲ್ಲರೂ ಚೆನ್ನಾಗಿದೆಯೆಂದೇ ಹೇಳುತ್ತಾರೆ. ಅದರಿಂದ ನಿಮಗೆ ಲಾಭವಿಲ್ಲ. ‘ಇವನು ಯಾರು? ಏನು ಮಾಡುತ್ತಿದ್ದಾನೆ? ಒಳ್ಳೆಯವನೋ ಕೆಟ್ಟವನೋ? ಮೊದಲು ನಿಮ್ಮ ಕಣ್ಣಿಗೆ ಬಿದ್ದುದು ಯಾವುದು?’ ಎಂದು ಕೇಳಿರಿ. ಇಷ್ಟಾನಿಷ್ಟದ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿರಿ. ಅದರ ಹಿಂದೆಯೇ ‘ಏಕೆ?’ ಎಂಬುದೂ ಬರಲಿ. ಅವರಾಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳಿರಿ. ‘ಹಾಗಲ್ಲ, ಅದು ಕತ್ತಿ’ ಎಂದು ವಾದಿಸಿದೊಡನೆ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಅವರಿಗೆ ಪೊರಕೆಯಂತೆ ಕಂಡಿದ್ದರೆ ನೀವು ಬರೆದುದು ಪೊರಕೆಯನ್ನೇ.

೬. ಕೇಳಿದುದನ್ನು ತೂಗುವ ಕ್ರಮ

ಒಬ್ಬ ವಿದ್ಯಾರ್ಥಿನಿಯು ಮುಂಬಯಿಯ ಡಬ್ಬಾವಾಲಾನನ್ನು ನಾಯಕನನ್ನಾಗಿ ಮಾಡಿ, ವೇಳೆಗೆ ಸರಿಯಾಗಿ ಊಟ ತಲಪಿಸುವ ಆಟವೊಂದನ್ನು ಯೋಚಿಸಿದಳೆಂದು ಭಾವಿಸೋಣ. ಬಿಳಿಯ ಟೋಪಿ, ಅದರ ಮೇಲೆ ಡಬ್ಬಿಗಳನ್ನು ಜೋಡಿಸಿದ ಉದ್ದನೆಯ ಮರದ ಚೌಕಟ್ಟು. ಇಷ್ಟನ್ನೂ ೨೫೬ ಚೌಕಗಳಲ್ಲಿ ಅಡಕ ಮಾಡಿದಳು. ಹತ್ತು ಮಂದಿಗೆ ತೋರಿಸಿದಾಗ ನಾಲ್ವರು ಅದನ್ನು ಅಣಬೆಯೆಂದರು, ಮೂವರು ಕೊಡೆ ಹಿಡಿದವನೆಂದರು. ಡಬ್ಬಾವಾಲಾ ಎಂದವರು ಮೂವರೇ. ಒಬ್ಬನು ‘ಮೀಸೆ ಹಾಕು’ ಎಂದನು. ಮತ್ತೊಬ್ಬನು ‘ಕೆಳಗೆ ಹೆಸರು ಬರೆ’ ಎಂದನು. ಇನ್ನೊಬ್ಬನು ‘ಚೌಕಟ್ಟನ್ನೇ ತೆಗೆದುಹಾಕು’ ಎಂದನು.

ಎಲ್ಲರ ಮಾತನ್ನೂ ಕೇಳಿ ತಿದ್ದಲು ಹೊರಟರೆ ಚಿತ್ರವು ಕೆಡುವುದು ಖಂಡಿತ. ಯಾರ ಮಾತೂ ಬೇಡವೆಂದರೆ ಅಣಬೆಯು ಅಣಬೆಯಾಗಿಯೇ ಉಳಿಯುವುದು. ರೋಗಿಯು ಎಲ್ಲಿ ನೋವೆಂಬುದನ್ನು ಸರಿಯಾಗಿ ಹೇಳಬಲ್ಲನು. ಯಾವ ಔಷಧವೆಂಬುದನ್ನು ವೈದ್ಯನು ನಿರ್ಣಯಿಸಬೇಕು. ಇಲ್ಲಿ ಮದ್ದುಗಳು ಮೂರು ಬಗೆಯವಾದರೂ ನೋವು ಒಂದೇ: ತಲೆಯೂ ಹೊರೆಯೂ ಒಂದಾಗಿ ಬೆರೆತಿವೆ. ಆಕೆಯು ಟೋಪಿಗೂ ಚೌಕಟ್ಟಿಗೂ ನಡುವೆ ಕಪ್ಪು ಚೌಕಗಳ ಒಂದು ಸಾಲನ್ನಿಡಬಹುದು. ಒಂದು ಕೈಯನ್ನು ಮೇಲೆತ್ತಿ ಹೊರೆಯನ್ನು ಹಿಡಿಸಬಹುದು. ಡಬ್ಬಿಗಳ ತುದಿಗಳು ಉಬ್ಬುತಗ್ಗಾಗಿ ಕಾಣುವಂತೆ ಮಾಡಬಹುದು. ಆಮೇಲೆ, ಮೊದಲಿನ ಚಿತ್ರವನ್ನು ನೋಡದ ಬೇರೆ ಹತ್ತು ಮಂದಿಯನ್ನು ಹುಡುಕಬೇಕು. ಒಮ್ಮೆ ನೋಡಿದವರಿಗೆ ಉತ್ತರ ಗೊತ್ತಾಗಿರುತ್ತದೆ; ಅವರ ಕಣ್ಣು ಈಗ ನಿಮ್ಮ ಕಣ್ಣಿನಂತೆಯೇ ಆಗಿಬಿಟ್ಟಿರುತ್ತದೆ.

ಚೌಕಟ್ಟನ್ನೇ ತೆಗೆದುಹಾಕೆಂಬ ಸಲಹೆಯನ್ನು ಆಕೆ ಏಕೆ ಒಪ್ಪಬಾರದು? ಅದಿಲ್ಲದೆ ಅವನು ಡಬ್ಬಾವಾಲಾನೇ ಅಲ್ಲ. ತಾನು ಹೇಳಹೊರಟುದು ಏನೆಂಬುದನ್ನು ಬಿಟ್ಟುಕೊಡದೆ, ಅದನ್ನು ಹೇಳುವ ರೀತಿಯನ್ನು ಎಷ್ಟು ಸಲ ಬೇಕಾದರೂ ಬದಲಿಸಲು ಸಿದ್ಧನಾಗಿರುವುದೇ ಚಿತ್ರಕಾರನ ಧರ್ಮ. ಪ್ರಬಂಧ ಬರೆಯುವಾಗಲೂ ಸಭೆಯಲ್ಲಿ ಮಾತಾಡುವಾಗಲೂ ಇದೇ ನಿಯಮವು ಸಲ್ಲುತ್ತದೆ.

ಅಭ್ಯಾಸ

೧. ಚೌಕುಳಿ ಪುಸ್ತಕದಲ್ಲಿ ೧೬ x ೧೬ ಮನೆಗಳನ್ನು ಗುರುತಿಸಿ, ನೀವು ದಿನವೂ ಕಾಣುವ ಒಬ್ಬ ಕೆಲಸಗಾರನನ್ನು ಮೂರೇ ಬಣ್ಣಗಳಲ್ಲಿ ಬರೆಯಿರಿ.

೨. ಅದನ್ನು ಐದು ಕ್ಷಣ ತೋರಿಸಿ, ಹತ್ತು ಮಂದಿಯ ಉತ್ತರಗಳನ್ನು ಅವರವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಅವರಲ್ಲಿ ಐವರಾದರೂ ಕನ್ನಡ ಬಾರದವರಾಗಿರಲಿ.

೩. ಉತ್ತರಗಳಲ್ಲಿ ನೋವು ಯಾವುದು, ಮದ್ದು ಯಾವುದು ಎಂದು ಎರಡು ಪಟ್ಟಿಗಳನ್ನು ಮಾಡಿರಿ.

೪. ಚಿತ್ರವನ್ನು ತಿದ್ದಿ ಬರೆದು, ಬೇರೆ ಹತ್ತು ಮಂದಿಗೆ ತೋರಿಸಿ, ಎರಡು ಸಲದ ಫಲಗಳನ್ನೂ ಹೋಲಿಸಿರಿ.

೫. ಇವಾತಾನಿ ಅವರು ಸಂಸ್ಥೆಯ ಸಿಬ್ಬಂದಿಯನ್ನು ಕೇಳಿದರು. ಓಷಿಮಾ ಅವರು ದಾರಿಹೋಕರನ್ನು ಕೇಳಿದರು. ಈ ಎರಡು ಕ್ರಮಗಳ ಗುಣದೋಷಗಳನ್ನು ಹತ್ತು ವಾಕ್ಯಗಳಲ್ಲಿ ವಿವರಿಸಿರಿ.